ಮೇಸ್ತ್ರಿ ಮನೆಯ ಐದನೇ ಚಪ್ಪಡಿ

ಗೋಡೆಯ ಮೇಲೆ ಸುಣ್ಣದಲ್ಲಿ ‘ಈ ಮನೆ ಮಾರಾಟಕ್ಕಿದೆ’ ಎಂದು ಬರೆದಿತ್ತು. ಅಕ್ಷರಗಳು ಒಂದು ಈ ಕಡೆ, ಇನ್ನೊಂದು ಆ ಕಡೆ ವಾಲಿದ್ದವು. ಬರೆದ ಕೈ ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು. ಕ್ವಾರಿಯ ಹಾಜರಿ ಪುಸ್ತಕದಲ್ಲಿ ನಮ್ಮಪ್ಪನ ಹೆಸರಿನ ಮೇಲೆ ಗೀಟು ಎಳೆದಿದ್ದೂ ಅದೇ ಕೈ, ಕ್ವಾರಿ ಮೇಸ್ತ್ರಿಯದು. ಆ ಗೀಟು ನೋಡಿದಾಗ ನನಗೆ ಎಂಟು ವರ್ಷ; ಈ ಸುಣ್ಣದ ಅಕ್ಷರ ಓದುತ್ತಾ ನಿಂತಾಗ ಇಪ್ಪತ್ತು. ನಡುವಿನ ಹನ್ನೆರಡು ವರ್ಷದಲ್ಲಿ ಆ ಮೇಸ್ತ್ರಿಗೆ ಶಾಪ ಹಾಕದೆ ನಾನು ತಲೆ ಬಾಚಿಕೊಂಡ ದಿನವಿಲ್ಲ. ವಯಸ್ಸಾದ ಮೇಲೆ ಎಲ್ಲ ಮರೆತುಬಿಡಬೇಕು ಎಂದು ಈಗ ನನಗೆ ಬುದ್ಧಿ ಹೇಳುವವರಿದ್ದಾರೆ. ಅವರ ಮನೆ ಬಾಗಿಲನ್ನು ಯಾರೂ ಕಳಚಿಕೊಂಡು ಹೋಗಿರುವುದಿಲ್ಲ.

ನಾನು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹೊರಗೆ, ಗುಡ್ಡದ ಬುಡದ ಕ್ವಾರಿ ಲೈನಿನಲ್ಲಿ. ಬಂಡೆ ಕೆಲಸದವರಿಗೆಂದು ಕಂಟ್ರಾಕ್ಟರು ಕಟ್ಟಿಸಿದ್ದ ಹನ್ನೆರಡು ಮನೆಗಳ ಸಾಲು ಅದು. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಹಾಸಿದ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ಒಳಗೆ ಕೂತರೆ ನಾವೇ ಬೇಯುತ್ತಿದ್ದೆವು. ಸಾಲಿನ ತುದಿಯ ದೊಡ್ಡ ಮನೆ ಮೇಸ್ತ್ರಿಯದು. ಅದಕ್ಕೆ ಮಾತ್ರ ಮುಂದೆ ಜಗಲಿ, ಹಿಂದೆ ಬಚ್ಚಲು. ಹನ್ನೆರಡು ಮನೆಗಳ ಚಪ್ಪಡಿಗಳನ್ನೂ ಆರಿಸಿ, ಎಬ್ಬಿಸಿ, ಮೇಲೇರಿಸಿದವರು ನಮ್ಮಪ್ಪ. ಅವರದು ಮುದ್ದೇನಹಳ್ಳಿ ಕಡೆಯ ಒಕ್ಕಲು ಮನೆತನ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋದಾಗ ಇವರ ಪಾಲಿಗೆ ಬಂದದ್ದು ಬಂಡೆ ತುಂಬಿದ ಒಂದು ತುಂಡು. ಬಂಡೆಯ ಜೊತೆಗೇ ಬಾಳಬೇಕಾದರೆ ಸರಿಯಾಗಿ ಬಾಳೋಣ ಎಂದು ಕ್ವಾರಿಗೆ ಬಂದರಂತೆ.

ಒಂದು ದಿನ ಎತ್ತುತ್ತಿದ್ದ ಕಲ್ಲು ಜಾರಿ ಅಪ್ಪನ ಎಡಗಾಲಿನ ಮೇಲೆ ಕೂತಿತು. ಮೊಣಕಾಲ ಕೆಳಗೆ ಮೂಳೆ ಪುಡಿಯಾಯಿತು. ಕೆಲಸಕ್ಕೆ ಬರುವವರಿಗೆ ಮಾತ್ರ ಲೈನಿನಲ್ಲಿ ಮನೆ, ಅದು ಕ್ವಾರಿಯ ಕಾನೂನು. ಅಪ್ಪ ಆಸ್ಪತ್ರೆಯಿಂದ ಬಂದ ಒಂಬತ್ತನೇ ದಿನ ಮೇಸ್ತ್ರಿ ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ಬಂದ.

"ಹೊಸ ಆಳು ಬಂದಿದ್ದಾನೆ. ಮನೆ ಬಿಡಮ್ಮ" ಎಂದು ಅಮ್ಮನಿಗೆ ಹೇಳಿದ.

"ಕಾಲು ಊರೋ ತನಕ ಇರ್ತೀವಿ ಸಾಮಿ. ಹೀಗೆ ಮಲಗಿರೋರ್ನ ಎಲ್ಲಿಗೆ ಎತ್ಕೊಂಡು ಹೋಗ್ಲಿ?" ಎಂದು ಅಮ್ಮ ಸೆರಗೊಡ್ಡಿದಳು.

ಅವನು ಇಬ್ಬರು ಆಳುಗಳನ್ನು ಕರೆಸಿ ನಮ್ಮ ಬಾಗಿಲನ್ನು ಕಳಚಿಸಿ ಹೊರಿಸಿಕೊಂಡು ಹೋದ. ಅದು ಕ್ವಾರಿಯ ಬಾಗಿಲೂ ಅಲ್ಲ. ಲೈನಿನ ಮನೆಗಳಿಗೆ ಅವರು ಕೊಟ್ಟದ್ದು ಬಿದಿರು ತಟ್ಟಿ. ನಮ್ಮದು ಅಮ್ಮನ ತವರಿನವರು ಕೈವಾರದಿಂದ ಗಾಡಿಯಲ್ಲಿ ತಂದುಕೊಟ್ಟ ಹಲಸಿನ ಮರದ ಬಾಗಿಲು. ಅದರ ಕೆಳಮೂಲೆಯಲ್ಲಿ ನಾನು ಅಪ್ಪನ ಉಳಿ ಕದ್ದು ಕೆತ್ತಿದ ಒಂದು ಕೋಳಿ ಇತ್ತು. ಬಾಗಿಲಿಲ್ಲದ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಅಮ್ಮ ಹಳೇ ಸೀರೆ ಅಡ್ಡ ಕಟ್ಟಿದಳು. ನಾಯಿ ನುಗ್ಗಿ ಮುದ್ದೆಗೆ ಬಾಯಿ ಹಾಕಿತು. ಗಾಳಿ ಬೀಸಿ ಸೀರೆ ಹಾರಿದಾಗಲೆಲ್ಲ ದಾರಿಹೋಕರು ಅಪ್ಪ ಮಲಗಿದಲ್ಲೇ ಎಲ್ಲ ಮಾಡಿಕೊಳ್ಳುವುದನ್ನು ನೋಡಿಕೊಂಡು ಹೋದರು. ಐದನೇ ದಿನ ಅಪ್ಪನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಶಿಡ್ಲಘಟ್ಟಕ್ಕೆ ಬಂದೆವು.

ಶಿಡ್ಲಘಟ್ಟದಲ್ಲಿ ಅಮ್ಮ ರೇಷ್ಮೆ ನೂಲು ತೆಗೆಯುವ ಬಾಣಲೆಯ ಮುಂದೆ ಕೂತಳು. ಮಿಡ್ಲ್ ಸ್ಕೂಲು ಮುಗಿದ ಮೇಲೆ ನಾನೂ ಅವಳ ಪಕ್ಕದ ಬಾಣಲೆಗೆ ಹೋದೆ. ಕುದಿನೀರಲ್ಲಿ ಗೂಡು ಬೆಂದ ವಾಸನೆ ನಮ್ಮ ಸೀರೆಯಲ್ಲಿ, ಕೂದಲಲ್ಲಿ, ತಿನ್ನುವ ಅನ್ನದಲ್ಲಿ ಇತ್ತು. ಅಪ್ಪ ಕೋಲು ಊರಿಕೊಂಡು ಓಡಾಡುವಂತಾದರು, ಆದರೆ ಕಲ್ಲು ಎತ್ತುವ ಹಾಗಿರಲಿಲ್ಲ. ಅವರಿಗೆ ಬೇರೆ ಒಂದು ಕೆಲಸ ತಾನಾಗಿ ಹುಡುಕಿಕೊಂಡು ಬಂತು.

ನಮ್ಮ ಸೀಮೆಯಲ್ಲಿ ಚಪ್ಪಡಿ ಮನೆ ಕೊಳ್ಳುವವರು ಮೊದಲು ಬಲ್ಲವರನ್ನು ಕರೆಸಿ ಚಪ್ಪಡಿಗಳನ್ನು ಬಡಿಸುತ್ತಿದ್ದರು. ಒಳಗೊಳಗೇ ಸೀಳಿದ ಕಲ್ಲು ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ಮಲಗಿದವರ ಮೇಲೆ ಬೀಳುತ್ತದೆ. ಗಟ್ಟಿ ಕಲ್ಲು ಬಡಿದರೆ ಟಣ್ ಎನ್ನುತ್ತದೆ. ಒಡಕು ಕಲ್ಲು ತೂತು ಮಡಕೆಯ ಹಾಗೆ ಡಬ್ ಎನ್ನುತ್ತದೆ. ಅಪ್ಪ ಬಿದಿರು ಗಳದ ತುದಿಗೆ ಸುತ್ತಿಗೆ ಕಟ್ಟಿಕೊಂಡು, ನೆಲದ ಮೇಲೆ ನಿಂತು ಒಂದೊಂದೇ ಚಪ್ಪಡಿ ಬಡಿದು, ಇದು ಸರಿ, ಇದು ಸರಿಯಿಲ್ಲ ಎನ್ನುತ್ತಿದ್ದರು. ಚಿಂತಾಮಣಿಯಿಂದ, ಗೌರಿಬಿದನೂರಿನಿಂದ ಜನ ಬಂದು ಕರೆದೊಯ್ಯುತ್ತಿದ್ದರು. ಅಪ್ಪ ಸರಿ ಎಂದ ಚಪ್ಪಡಿ ಒಂದೂ ಬಿದ್ದಿಲ್ಲ ಎಂದು ಅಷ್ಟು ಊರುಗಳಲ್ಲಿ ಮಾತಿತ್ತು.

ಈ ಮಾತಿನ ಕೆಳಗೆ ಒಂದು ಗುಟ್ಟಿತ್ತು. ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ವರ್ಷಗಟ್ಟಲೆ ಬಂಡೆಗೆ ಮದ್ದಿಟ್ಟು ಸಿಡಿಸಿದ್ದರ ಫಲ ಅದು. ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಎಲ್ಲ ಹೋಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಹೆಚ್ಚು ಮಾತಾಡದ ಇವರನ್ನು ಜನ ಗಂಭೀರ ಮನುಷ್ಯ ಎಂದುಕೊಂಡು ಇನ್ನಷ್ಟು ಮರ್ಯಾದೆ ಕೊಟ್ಟರು. ನಾನೂ ಅಮ್ಮನೂ ಮನೆಯಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಗಳ ಹಿಡಿದ ಅಂಗೈಗೆ ಏಟು ಗೊತ್ತಾಗುತ್ತದೆ, ಸದ್ದು ಗೊತ್ತಾಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಹಾಗಾಗಿ ಅವರ ಕಿವಿ ನಾನಾದೆ. ಚಿಕ್ಕಂದಿನಿಂದ ಕ್ವಾರಿಯಲ್ಲಿ ಬೆಳೆದ ನನಗೆ ಟಣ್ ಯಾವುದು ಡಬ್ ಯಾವುದು ಎಂದು ಯಾರೂ ಕಲಿಸಬೇಕಿರಲಿಲ್ಲ. ಕುಂಟುವ ಅಪ್ಪನನ್ನು ಹಿಡಿದುಕೊಂಡವಳ ಹಾಗೆ ಹಿಂದೆ ನಿಂತು ಬೆನ್ನ ಮೇಲೆ ಕೈ ಇಡುತ್ತಿದ್ದೆ. ಒಂದು ಸಲ ಒತ್ತಿದರೆ ಸರಿ. ಎರಡು ಸಲ ಒತ್ತಿದರೆ ಒಡಕು. ನಾಲ್ಕು ವರ್ಷ ಹೀಗೆ ನಡೆಯಿತು, ಒಂದು ಸಲವೂ ನಾನು ತಪ್ಪು ಒತ್ತಿರಲಿಲ್ಲ.

ಅಷ್ಟರಲ್ಲಿ ಕ್ವಾರಿ ನಿಂತುಹೋಗಿತ್ತು. ಹಳ್ಳದಲ್ಲಿ ನೀರು ಎದ್ದು ಕೆರೆಯಾಯಿತು, ಕಂಟ್ರಾಕ್ಟರು ಲೈನಿನ ಮನೆಗಳನ್ನು ಇದ್ದವರಿಗೇ ಬಿಟ್ಟು ಹೋದ. ಊರು ಬೆಳೆದು ಲೈನಿನ ತನಕ ಬಂತು. ಮೇಸ್ತ್ರಿ ತನ್ನ ಮನೆ ಮಾರಿ ಗೌರಿಬಿದನೂರಿನ ಅಳಿಯನ ಮನೆಗೆ ಹೋಗುವವನಿದ್ದ. ಕೊಳ್ಳಲು ಬಂದವರು ಒಬ್ಬ ಸ್ಕೂಲ್ ಮೇಷ್ಟರು. ಅವರಿಗೆ ಎರಡು ಚಿಕ್ಕ ಮಕ್ಕಳು. ಅಪ್ಪ ಬಡಿದು ನೋಡದೆ ತಾಂಬೂಲ ಕೊಡುವುದಿಲ್ಲ ಎಂದು ಹೇಳಿ ಅವರೇ ನಮ್ಮನ್ನು ಕರೆಯಲು ಬಂದರು. ಯಾರ ಮನೆ ಎಂದು ತಿಳಿದೂ ಅಪ್ಪ ಹೊರಟರು. ನಾನು ಹಲ್ಲು ಕಚ್ಚಿಕೊಂಡು ಹಿಂದೆ ಹೊರಟೆ.

"ಏನೋ, ಇನ್ನೂ ಬದುಕಿದ್ದೀಯೇನೋ?" ಎಂದು ಮೇಸ್ತ್ರಿ ಜಗಲಿಯ ಮೇಲೆ ಕೂತೇ ನಕ್ಕ. ಅವನಿಗೆ ಅದು ತಮಾಷೆ. ಅಪ್ಪನೂ ತುಟಿ ನೋಡಿ ನಕ್ಕರು. ಅಪ್ಪ ನಕ್ಕದ್ದು ನನಗೆ ಇನ್ನೂ ಉರಿಯಿತು. ಕಾಲು ತೊಳೆದು ಬರುತ್ತೇನೆ ಎಂದು ನಾನು ಹಿತ್ತಲಿಗೆ ಹೋದೆ.

ಬಚ್ಚಲಿಗೆ ಹಾಕಿದ್ದ ಬಾಗಿಲಿನ ಕೆಳಮೂಲೆಯಲ್ಲಿ ನನ್ನ ಕೋಳಿ ಇತ್ತು.

ನೀರು ಬಿದ್ದೂ ಬಿದ್ದೂ ಕೋಳಿಯ ಕಾಲು ಸವೆದಿತ್ತು, ಮೇಲೆ ಸೋಪಿನ ಕರೆ. ಹನ್ನೆರಡು ವರ್ಷ ಆ ಮನೆಯವರು ನಮ್ಮ ಬಾಗಿಲು ಮುಚ್ಚಿಕೊಂಡು ಮಾನವಾಗಿ ಸ್ನಾನ ಮಾಡಿದ್ದರು. ಕಾಲು ತೊಳೆಯದೆ ಒಳಗೆ ಬಂದು ಅಪ್ಪನ ಬೆನ್ನ ಮೇಲೆ ಕೈ ಇಟ್ಟೆ.

ಮೊದಲ ಚಪ್ಪಡಿ ಟಣ್ ಎಂದಿತು, ಒಂದು ಸಲ ಒತ್ತಿದೆ. ಎರಡು, ಮೂರು, ನಾಲ್ಕು, ಎಲ್ಲ ಸರಿಯಾಗಿದ್ದವು; ನಮ್ಮಪ್ಪ ಹಾಕಿದ ಕಲ್ಲು ಇನ್ನು ಹೇಗಿರುತ್ತದೆ? ನಡುಮನೆಯ ಐದನೆಯದು ಎಲ್ಲಕ್ಕಿಂತ ಚೆನ್ನಾಗಿ ದೇವಸ್ಥಾನದ ಗಂಟೆಯಂತೆ ಹಾಡಿತು. ನಾನು ಎರಡು ಸಲ ಒತ್ತಿದೆ.

ಅಪ್ಪ ತಿರುಗಿ ನನ್ನ ಮುಖ ನೋಡಿದರು. ಮತ್ತೆ ಬಡಿದರು. ಮತ್ತೆ ಎರಡು ಸಲ ಒತ್ತಿದೆ. ಗಳವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮೂರನೇ ಸಲ ಬಡಿದರು. ಆಗಲಾದರೂ ಸರಿ ಮಾಡಬಹುದಿತ್ತು. ಬಾಗಿಲ ಬಳಿ ಮೇಸ್ತ್ರಿ "ಬೇಗ ಮುಗಿಸೋ ಕುಂಟ" ಎಂದ. ನಾನು ಬೆರಳು ನೋಯುವ ಹಾಗೆ ಎರಡು ಸಲ ಒತ್ತಿದೆ.

"ಇದು ಒಡಕು" ಎಂದರು ಅಪ್ಪ.

ಮೇಷ್ಟರು ತಲೆಯ ಮೇಲೆ ನೋಡಿ ಮಕ್ಕಳನ್ನು ಹೊರಗೆ ಕಳಿಸಿದರು. ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯಾಯಿತು. "ನೀನೇ ಹಾಕಿದ ಕಲ್ಲಲ್ಲವೇನೋ!" ಎಂದು ಕೂಗಾಡಿದ. ಆ ಮುಖ ನೋಡಿ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ನಾಲ್ಕು ದಿನ ನಮ್ಮ ಮನೆಗೆ ನುಗ್ಗಿದ ನಾಯಿ, ಅಮ್ಮನ ಹರಿದ ಸೀರೆ, ಎಲ್ಲಕ್ಕೂ ಲೆಕ್ಕ ಚುಕ್ತಾ ಎಂದುಕೊಂಡೆ. ಯಾರೂ ಕೊಳ್ಳದ ಮನೆಯಲ್ಲಿ ಕೊಳೆತುಬೀಳು ಎಂದು ಮನಸ್ಸಿನಲ್ಲೇ ಹರಸಿದೆ. ನನ್ನ ಸುಖ ಅಪ್ಪ ಬಾಯಿ ತೆರೆಯುವ ತನಕ ಇತ್ತು.

"ನಾನು ಹಾಕಿದ್ದು ಕಣ್ರಪ್ಪ, ಒಪ್ಕೊಂಡೆ. ನಾನೇ ಬದಲಾಯಿಸಿ ಕೊಡ್ತೀನಿ. ನಿಮ್ಮಿಂದ ಒಂದು ಕಾಸೂ ಬೇಡ."

ಮನೆಯಲ್ಲಿ ಅಮ್ಮ ಕೇಳಿ ಕೆರಳಿದಳು. ಅಪ್ಪನಿಗೆ ತುಟಿ ಕಾಣಲಿ ಎಂದು ಮುಖದ ಹತ್ತಿರ ಹೋಗಿ ಕೂಗಿದಳು. "ಆ ಮನೆಹಾಳನ ಮನೆಗಾ? ನಿಮ್ಗೆ ಬುದ್ಧಿ ನೆಟ್ಟಗಿದೆಯಾ?"

"ಮನೆ ಅವನ್ದು. ಕಲ್ಲು ನಂದು" ಎಂದರು ಅಪ್ಪ. "ಆ ಕಲ್ಲಿನ ಕೆಳಗೆ ಮೇಷ್ಟ್ರ ಮಕ್ಕಳು ಮಲಗ್ತಾವೆ ಕಣೇ."

ಆ ಹೊತ್ತು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅವರ ಬೆನ್ನಿಗೆ ನಾನು ಸುಳ್ಳು ಹೇಳಿದೆ ಎಂದು ತಿಳಿದರೆ ಇನ್ನು ಯಾವ ಮನೆಯಲ್ಲಿ, ಯಾವ ಧೈರ್ಯದ ಮೇಲೆ ಗಳ ಎತ್ತುತ್ತಾರೆ? ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಆ ಮೇಸ್ತ್ರಿಯ ಸುಟ್ಟ ಮುಖವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಕಳವಾರ ಹಳ್ಳಿಯಿಂದ ಅಪ್ಪನ ಹಳೇ ಜೊತೆಗಾರರು ನಾಲ್ವರು ಬಂದರು. ಕ್ವಾರಿಯ ಅಂಚಿನಲ್ಲಿ ಉಳಿದಿದ್ದ ಒಂದು ಬಂಡೆ ಆರಿಸಿದೆವು. ಬಂಡೆ ಎಬ್ಬಿಸುವುದೆಂದರೆ ಸಿಡಿಸುವುದಲ್ಲ. ಅದರ ಮೇಲೆ ಸೌದೆ ಒಟ್ಟಿ ಸಣ್ಣ ಉರಿ ಕೊಡಬೇಕು. ಕಾದ ಮೇಲೆ ಒಂದು ಪದರ ತಾನೇ ಬಿಟ್ಟುಕೊಂಡು ಮೇಲೇಳುತ್ತದೆ. ಎಲ್ಲಿ ಎದ್ದಿದೆ ಎಂದು ಬಡಿದು ಕೇಳಿ, ಉರಿಯನ್ನು ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಮೂರು ಹಗಲು ಅಪ್ಪ ಆ ಬಿಸಿಯಲ್ಲಿ ಸೊಟ್ಟಗಾಲು ಎಳೆದುಕೊಂಡು ಅಂಬೆಗಾಲಿಟ್ಟು ಬಡಿದರು, ನಾನು ಹಿಂದೆ ಕೂತು ಬೆನ್ನು ಒತ್ತಿದೆ. ಆ ಮೂರು ದಿನ ಒಂದು ಸುಳ್ಳೂ ಒತ್ತಲಿಲ್ಲ. ಅಪ್ಪನ ಮೊಣಕಾಲಿನ ಚರ್ಮ ಸುಲಿದು ಪಂಚೆಗೆ ಅಂಟಿತ್ತು. ಮೇಸ್ತ್ರಿ ದಡದಲ್ಲಿ ಕೊಡೆ ಬಿಚ್ಚಿಕೊಂಡು ಕೂತು, ಕ್ವಾರಿ ಇನ್ನೂ ನಡೆಯುತ್ತಿದೆಯೋ ಎಂಬ ಹಾಗೆ "ಹೂಂ, ನಡೀಲಿ ನಡೀಲಿ" ಎನ್ನುತ್ತಿದ್ದ.

"ಏಮಪ್ಪಾ, ಈತನಿಗೆ ಬಿಟ್ಟಿ ಚಾಕರಿ ಮಾಡೋಕಾ ನೀನು ಹುಟ್ಟಿದ್ದು?" ಎಂದು ಜೊತೆಗಾರರಲ್ಲಿ ಒಬ್ಬ ಅಪ್ಪನನ್ನು ಕೇಳಿದ. ಅಪ್ಪ ಅವನ ತುಟಿ ನೋಡಿರಲಿಲ್ಲ. ಕೇಳಿಸಿದ್ದು ನನಗೆ.

ಹೊಸ ಕಲ್ಲು ಬಂತು. ಹಳೆಯದನ್ನು ಇಳಿಸುವ ದಿನ ಇನ್ನೊಂದು ಭಯ ಶುರುವಾಯಿತು. ಒಡಕು ಕಲ್ಲಿನ ಗುರುತನ್ನು ಅಪ್ಪ ನನಗೆ ಎಷ್ಟೋ ಸಲ ತೋರಿಸಿದ್ದರು. ಹಳೇ ಒಡಕಿನೊಳಗೆ ನೀರು ಇಳಿದು ಒಳಮೈ ಟೀ ಬಣ್ಣಕ್ಕೆ ತಿರುಗಿರುತ್ತದೆ. ಹೊಸದಾಗಿ ಒಡೆದದ್ದು ತೆಂಗಿನಕಾಯಿಯ ಹೋಳಿನಂತೆ ಬೆಳ್ಳಗಿರುತ್ತದೆ. ಈ ಚಪ್ಪಡಿ ಹಾಗೇ ಇಡಿಯಾಗಿ ಕೆಳಗೆ ಬಂದರೆ ಅಪ್ಪ ಅದರ ಅಂಚೆಲ್ಲ ಬೆರಳಾಡಿಸಿ ಒಡಕು ಹುಡುಕುತ್ತಾರೆ. ಇಲ್ಲದ ಒಡಕು ಎಲ್ಲಿ ಸಿಗಬೇಕು? ಬಿದ್ದು ಒಡೆದರೆ ಒಳಮೈಯ ಬಣ್ಣ ನೋಡುವ ಮೊದಲೇ ಎಲ್ಲರೂ ನಂಬಬಹುದು.

ಮೇಲಿನ ಗಾರೆ ಕಿತ್ತು, ಚಪ್ಪಡಿಗೆ ಹಗ್ಗ ಬಿಗಿದು, ಓರೆಯಾಗಿ ಇಟ್ಟ ಎರಡು ಮರದ ದಿಮ್ಮಿಗಳ ಮೇಲೆ ಜಾರಿಸುತ್ತಾ ಜಗಲಿಗೆ ಇಳಿಸುತ್ತಿದ್ದರು. ದಿಮ್ಮಿಯ ಬುಡಕ್ಕೆ ಕೊಟ್ಟ ಕಲ್ಲು ಸರಿಯದ ಹಾಗೆ ಹಾರೆ ಹಿಡಿದು ನಿಂತಿದ್ದವಳು ನಾನು. ಚಪ್ಪಡಿ ಅರ್ಧ ದಾರಿಗೆ ಬಂದಾಗ ಸುತ್ತ ನೋಡಿದೆ. ಕೆಳಗೆ ಯಾರೂ ಇರಲಿಲ್ಲ. ಮೇಸ್ತ್ರಿ ನಾಲ್ಕು ಮಾರು ದೂರದಲ್ಲಿದ್ದ. ಹತ್ತಿರ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನನ್ನನ್ನು ಕೇಳಬೇಡಿ. ಹಾರೆ ಸಡಿಲ ಬಿಟ್ಟೆ.

ಚಪ್ಪಡಿ ಜಗಲಿಯ ಅಂಚಿಗೆ ಬಡಿದು ಎರಡು ತುಂಡಾಯಿತು.

"ನೋಡಿದ್ರಾ, ಒಡಕೇ ಇತ್ತು" ಎಂದು ನಾನು ಎಲ್ಲರಿಗಿಂತ ಮೊದಲು ಕೂಗಿದೆ. ಅಪ್ಪ ಬಂದು ತುಂಡಿನ ಪಕ್ಕ ಕೂತರು. ಬೆರಳಿಗೆ ಎಂಜಲು ಹಚ್ಚಿ ಒಡೆದ ಮೈಯನ್ನು ಉಜ್ಜಿದರು. ಈ ಅಂಚಿನಿಂದ ಆ ಅಂಚಿನ ತನಕ ಬೆಳ್ಳಗಿತ್ತು, ಎಳ್ಳಷ್ಟೂ ಕಂದು ಇರಲಿಲ್ಲ. ಎರಡನೇ ತುಂಡನ್ನೂ ಉಜ್ಜಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಹಾರೆಯನ್ನು ನೋಡುತ್ತಾ ನಿಂತೆ.

ಮೇಸ್ತ್ರಿಯೂ ಕಲ್ಲು ಬಲ್ಲವನೇ. ಬಗ್ಗಿ ನೋಡಿದ. "ಎಲ್ಲೋ ಒಡಕು? ಹಾಲಿನ ಹಾಗಿದೆಯಲ್ಲೋ" ಎಂದ. ಮೇಷ್ಟರೂ ಹತ್ತಿರ ಬಂದರು.

ಅಪ್ಪ ಕೋಲು ಊರಿ ಎದ್ದರು. "ಕಲ್ಲಲ್ಲಿ ಏನೂ ಇರ್ಲಿಲ್ಲ. ನನ್ಗೆ ಕಿವಿ ಕೇಳಲ್ಲ ಮೇಷ್ಟ್ರೇ. ನಾಲ್ಕು ವರ್ಷ ಆಯ್ತು. ಈ ಮಗು ಹೇಳ್ತಿತ್ತು, ನಾನು ಬಡೀತಿದ್ದೆ. ಈ ಸಲ ನಾನೇ ಅವಳು ಹೇಳಿದ್ದನ್ನ ತಪ್ಪಾಗಿ ತಿಳ್ಕೊಂಡೆ."

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಿವುಡ ಕಲ್ಲು ಬಡೀತಿದ್ನಂತೆ! ಊರೆಲ್ಲ ನಂಬಿತ್ತಂತೆ!" ಎಂದು ರಸ್ತೆಯಲ್ಲಿ ಹೋಗುವವರನ್ನೂ ಕರೆದು ಹೇಳಿದ. ಆ ವಾರದೊಳಗೆ ಅದು ಚಿಂತಾಮಣಿಗೂ ಮುಟ್ಟಿತು. ಆಮೇಲೆ ಒಬ್ಬರೂ ಅಪ್ಪನನ್ನು ಕರೆಯಲು ಬರಲಿಲ್ಲ. ಅವನ ಮುಖ ಸುಡಲು ಹೋದ ನಾನು ಅಪ್ಪನ ಅನ್ನ ಸುಟ್ಟಿದ್ದೆ.

ಹೊಸ ಚಪ್ಪಡಿ ಕೂರಿಸಿದ ಮೇಲೆ ಅಪ್ಪ ಗಳವನ್ನು ನನ್ನ ಕೈಗೆ ಕೊಟ್ಟರು. "ನೀನೇ ಬಡಿ. ಬಾಯಲ್ಲಿ ಹೇಳು" ಎಂದರು. ಅಷ್ಟೂ ಜನರ ಎದುರು ಬಡಿದೆ. ಅದು ಹಳೆಯದಕ್ಕಿಂತ ಚೆನ್ನಾಗಿ ಹಾಡಿತು. ಆ ಮನೆಗೆ, ಆ ಮನುಷ್ಯನಿಗೆ, "ಚೆನ್ನಾಗಿದೆ" ಎಂದು ನನ್ನ ಬಾಯಿಂದಲೇ ಹೇಳಿದೆ. ಮೇಷ್ಟರು ಅಲ್ಲೇ ತಾಂಬೂಲ ಬದಲಾಯಿಸಿಕೊಂಡರು.

ಅಪ್ಪ ಯಾರಿಗೂ ಹೇಳದೆ ಹೊರಟುಬಿಟ್ಟಿದ್ದರು. ನಾನು ಹೋಗಲಿಲ್ಲ. ಮೇಷ್ಟರ ಎದುರೇ ಮೇಸ್ತ್ರಿಯನ್ನು ನಿಲ್ಲಿಸಿ ಹೇಳಿದೆ. "ಬಚ್ಚಲು ಬಾಗಿಲು ನಮ್ದು. ಮೂಲೇಲಿ ಕೋಳಿ ಇದೆ, ನಾನು ಕೆತ್ತಿದ್ದು. ಅಪ್ಪ ಕಾಲು ಮುರ್ಕೊಂಡು ಮಲಗಿದ್ದಾಗ ನೀವು ಕಳಚ್ಕೊಂಡು ಬಂದ್ರಿ." ಮೇಷ್ಟರು ಹಿತ್ತಲಿಗೆ ಹೋಗಿ ನೋಡಿ ಬಂದು, ಅವನ ಮುಖವನ್ನೇ ನೋಡುತ್ತಾ ನಿಂತರು. ಅವನ ನಗು ನಿಂತಿತು. "ತಗೊಂಡು ಹೋಗು, ಅದೇನು ಚಿನ್ನದ್ದಾ" ಎಂದು ಗೊಣಗಿದ. ಹಾರೆಯಿಂದ ಮೀಟಿ ಬಾಗಿಲು ಕಳಚಿದೆ. ಬಚ್ಚಲು ಬಯಲಾಯಿತು. ಅವನ ಮನೆಯವರು ಗೌರಿಬಿದನೂರಿಗೆ ಹೋಗುವ ತನಕ ಅಲ್ಲಿ ಸೀರೆ ಅಡ್ಡ ಕಟ್ಟಿಕೊಂಡರಂತೆ. ಅದನ್ನು ಕೇಳಿ ನನಗೆ ಸಂತೋಷವಾಯಿತು, ಈಗಲೂ ಆಗುತ್ತದೆ.

ತಲೆಯ ಮೇಲೆ ಬಾಗಿಲು ಹೊತ್ತು ಬಸ್ ಸ್ಟ್ಯಾಂಡಿಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಬಾಗಿಲನ್ನು ನೋಡಿದರು. ಮೂಲೆಯ ಕೋಳಿಯ ಮೇಲೆ ಬೆರಳಾಡಿಸಿದರು, ಒಡೆದ ಕಲ್ಲಿನ ಮೇಲೆ ಆಡಿಸಿದ ಹಾಗೆಯೇ.

"ಇದಕ್ಕೇನಮ್ಮ?" ಎಂದರು.

ಬಾಗಿಲು ಇಳಿಸಿ, ಅವರ ಹಿಂದೆ ಹೋಗಿ, ಬೆನ್ನ ಮೇಲೆ ಕೈ ಇಟ್ಟು ಒಂದು ಸಲ ಒತ್ತಿದೆ.

"ಕಂಡಾಗ್ಲೇ ಹೇಳ್ಬೇಕಿತ್ತು ಕಣಮ್ಮ" ಎಂದರು. "ನಾನೇ ಕೇಳಿ ಇಸ್ಕೊಡ್ತಿದ್ದೆ."

ಬಸ್ಸು ಬಂತು. ಕಂಡಕ್ಟರು ಬಾಗಿಲನ್ನು ಮೇಲೆ ಹಾಕಿಸಿದ. ಶಿಡ್ಲಘಟ್ಟದ ತನಕ ಅಪ್ಪನ ಬೆನ್ನ ಮೇಲಿಂದ ನಾನು ಕೈ ತೆಗೆಯಲಿಲ್ಲ, ಆದರೆ ಒತ್ತಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ.